ಗಚಾಚಾ: ರುವಾಂಡಾ ತನ್ನ ತೀರ್ಪುಗಾರರನ್ನು ಹುಡುಕಿದ ಬಗೆ

ಹಿಂಸೆಯ ನಂತರ ಶಾಂತಿ ಕಟ್ಟಿದ ನಾಯಕರು ಅಂದ ತಕ್ಷಣ ನಾವು ಮಂಡೇಲಾ ಹೆಸರು ಹೇಳಿ ಮುಂದೆ ಹೋಗುತ್ತೇವೆ. ಈ ಸಲ ಆಫ್ರಿಕಾದ ಪುಟ್ಟ ದೇಶ ರುವಾಂಡಾದ ಹತ್ತಿರ ಸ್ವಲ್ಪ ನಿಲ್ಲಿ.

1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು 100 ದಿನಗಳಲ್ಲಿ, ಅಲ್ಲಿ 8 ಲಕ್ಷದಷ್ಟು ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಅಲ್ಲಿನ ಅಲ್ಪಸಂಖ್ಯಾತ ಜನಾಂಗವಾದ ಟುಟ್ಸಿಗಳು; ಕೊಂದವರು ಬಹುಪಾಲು ಬಹುಸಂಖ್ಯಾತ ಹುಟುಗಳು. ಕೊಂದವರಲ್ಲಿ ಸೈನಿಕರಷ್ಟೇ ಅಲ್ಲ, ಪಕ್ಕದ ಮನೆಯವರೂ ಇದ್ದರು. ಮುಂದೆ ಜೈಲುಗಳಲ್ಲಿ 1 ಲಕ್ಷಕ್ಕೂ ಜಾಸ್ತಿ ಆರೋಪಿಗಳು ತುಂಬಿದರು. ನ್ಯಾಯಾಧೀಶರು, ವಕೀಲರಲ್ಲೇ ಬಹಳ ಮಂದಿ ಸತ್ತಿದ್ದರು, ಇಲ್ಲವೇ ದೇಶ ಬಿಟ್ಟಿದ್ದರು.

ಆಗ ಒಂದು ಹಳೆಯ ಪದ್ಧತಿಗೆ ಹೊಸ ಕಾನೂನಿನ ಬಲ ಕೊಟ್ಟರು. ಅದೇ ಗಚಾಚಾ. ಹೆಸರು ಬಂದಿದ್ದು ಹುಲ್ಲಿನಿಂದ: ಊರವರು ಹುಲ್ಲಿನ ಮೇಲೆ ಕೂತು ಜಗಳ ಬಗೆಹರಿಸುತ್ತಿದ್ದರು.

ತೀರ್ಪು ಕೊಡುವವರು ಯಾರು? ಇದನ್ನು ಸರಿಯಾಗಿ ಓದಿಕೊಳ್ಳಿ. 2001ರ ಅಕ್ಟೋಬರ್‌ನಲ್ಲಿ ಊರವರೇ ಸುಮಾರು 2.5 ಲಕ್ಷ ಮಂದಿಯನ್ನು ಆರಿಸಿದರು. ಇವರಿಗೆ 'ಇನ್ಯಾಂಗಮುಗಾಯೊ' ಎಂದು ಹೆಸರು, ಅಂದರೆ ನೀಚತನ ಕಂಡರೆ ಆಗದವರು. ಸರ್ಕಾರಿ ಅಧಿಕಾರಿಗಳು, ಪೊಲೀಸರು, ಸೈನಿಕರು ಇನ್ಯಾಂಗಮುಗಾಯೊ ಆಗುವಂತಿರಲಿಲ್ಲ. ಬಹುಪಾಲು ರೈತರು. ಸಂಬಳವಿಲ್ಲ, ತರಬೇತಿ ಕೆಲವೇ ದಿನ. ಮೊದಲು ಊರವರ ನಂಬಿಕೆ ಇದೆಯೇ ಎಂದು ನೋಡಿದರು, ಕಾನೂನು ಆಮೇಲೆ ಕಲಿಸಿದರು.

ಒಂದು ವಿಚಾರಣೆ ಕಣ್ಣ ಮುಂದೆ ತಂದುಕೊಳ್ಳಿ. ಬೆಂಚಿನ ಮೇಲೆ, ದೇಶದ ಬಾವುಟದ ಬಣ್ಣದ ಪಟ್ಟಿಯನ್ನು ಹೆಗಲಿಂದ ಇಳಿಬಿಟ್ಟು ಕೂತ ಊರಿನವರು. ಎದುರಿಗೆ ಗುಲಾಬಿ ಬಣ್ಣದ ಜೈಲುಬಟ್ಟೆ ತೊಟ್ಟ ಆರೋಪಿ. ಬದುಕುಳಿದವರು ಮತ್ತೆ ಮತ್ತೆ ಕೇಳುತ್ತಿದ್ದ ಒಂದು ಪ್ರಶ್ನೆ: ನಮ್ಮವರ ಹೆಣ ಎಲ್ಲಿ ಹಾಕಿದಿರಿ? ತೀರ್ಪು ಕೊಡುವವರು ಇದನ್ನು ಕೇಳಿಸಿಕೊಂಡು, ಜನರ ಗದ್ದಲ ನಿಲ್ಲಿಸಿ, ಆರೋಪಿಯಿಂದ ಉತ್ತರ ಹೊರತರಬೇಕು. ಆ ಬೆಂಚಿನಲ್ಲಿ ಕೂತವರೂ ತಮ್ಮವರನ್ನು ಕಳೆದುಕೊಂಡಿರಬಹುದು, ಅಲ್ವಾ? ಕಾನೂನಿನ ಕಲಮುಗಳನ್ನು ಕೆಲವು ದಿನಗಳಲ್ಲಿ ಕಲಿಸಬಹುದು. ಇಷ್ಟು ದುಃಖದ ನಡುವೆ ಕೂರುವುದನ್ನು ಕಲಿಸಲು ಅಷ್ಟು ಸಾಲದು ಎಂದೇ ನನಗೆ ಅನ್ನಿಸುತ್ತದೆ.

2012ರ ಜೂನ್‌ನಲ್ಲಿ ಗಚಾಚಾ ಮುಗಿಯುವ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ತೀರ್ಮಾನವಾಗಿದ್ದವು. ದೋಷಗಳನ್ನೂ ಬರೆಯಲೇಬೇಕು. ಆರೋಪಿಗೆ ವಕೀಲರಿರಲಿಲ್ಲ. ನರಮೇಧದಲ್ಲಿ ಕೈಯಿತ್ತು ಎಂಬ ಆರೋಪ ಬಂದು ಸಾವಿರಾರು ಇನ್ಯಾಂಗಮುಗಾಯೊಗಳನ್ನೇ ತೆಗೆಯಬೇಕಾಯಿತು. ಎಲ್ಲಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಯುದ್ಧ ಗೆದ್ದು ಅಧಿಕಾರಕ್ಕೆ ಬಂದ, ಟುಟ್ಸಿಗಳ ನಾಯಕತ್ವದ ಬಂಡುಕೋರ ಪಡೆ ಆರ್‌ಪಿಎಫ್‌ನ (ರುವಾಂಡಾ ದೇಶಭಕ್ತ ರಂಗ) ಸೈನಿಕರೂ ಹುಟು ಜನರನ್ನು ಕೊಂದಿದ್ದರು. ಆ ಕೊಲೆಗಳು ಗಚಾಚಾದ ವ್ಯಾಪ್ತಿಗೆ ಬರಲಿಲ್ಲ. ಹೀಗೆ ಸತ್ತ ಹುಟುಗಳ ಮನೆಯವರೂ ವಾರವಾರ ಗಚಾಚಾಕ್ಕೆ ಬಂದು ಕೂರುತ್ತಿದ್ದರು. ತಮ್ಮವರ ಹೆಣ ಎಲ್ಲಿ ಎಂದು ಅವರು ಅಲ್ಲಿ ಕೇಳುವಂತಿರಲಿಲ್ಲ.