ಇನ್‌ಹಿಬಿಟರ್ ಹಾಕಿದೆ, ಕೋಶದ ಬೆಳವಣಿಗೆ ನಿಂತಿತು: ಕಾರಣ ಸಿಕ್ಕಂತಾಯಿತೇ?

ಪ್ರಶ್ನೆ: ಜೀವಕೋಶಗಳಿಗೆ ಪಿಐ3 ಕೈನೇಸ್ ಎಂಬ ಕಿಣ್ವವನ್ನು ತಡೆಯುವ ಔಷಧ, ಅಂದರೆ ಇನ್‌ಹಿಬಿಟರ್ ಹಾಕಿದೆ. ಪ್ರೋಟೀನ್‌ಗಳನ್ನು ಪಟ್ಟಿಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಫಾಸ್ಫೇಟ್ ಅಂಟಿದ ಎಕೆಟಿಯ (ಪಿಐ3 ಕೈನೇಸ್ ಚಾಲೂ ಇದ್ದಾಗ ಫಾಸ್ಫೇಟ್ ಅಂಟಿಸಿಕೊಳ್ಳುವ ಪ್ರೋಟೀನ್) ಬ್ಯಾಂಡ್ ಮಾಯವಾಯಿತು, ಕೋಶಗಳ ಬೆಳವಣಿಗೆಯೂ ನಿಂತಿತು. ಬೆಳವಣಿಗೆಗೆ ಪಿಐ3 ಕೈನೇಸೇ ಕಾರಣ ಎಂದು ಪ್ರಬಂಧದಲ್ಲಿ ಬರೆಯಬಹುದಲ್ಲವೇ?

ಈಗಲೇ ಬರೆಯಬೇಡಿ. ನೀವು ನೋಡಿದ್ದು ಎರಡು ಸಂಗತಿ. ಬ್ಯಾಂಡ್ ಹೋಯಿತು, ಬೆಳವಣಿಗೆ ನಿಂತಿತು. ಎರಡೂ ಒಂದೇ ದಿನ ನಡೆದವು ಎಂಬುದಷ್ಟೇ ಸದ್ಯಕ್ಕೆ ಖಚಿತ. ಮೊದಲನೆಯದರಿಂದಲೇ ಎರಡನೆಯದು ಆಯಿತು ಎನ್ನುವುದಕ್ಕೆ ಇನ್ನೂ ಆಧಾರವಿಲ್ಲ.

ಯಾವ ಇನ್‌ಹಿಬಿಟರ್ ಎಂದು ನೀವು ತಿಳಿಸಿಲ್ಲ. ಎಲ್‌ವೈ294002 ಇರಬೇಕು ಎಂದುಕೊಳ್ಳುತ್ತೇನೆ; ಹಿಂದೆ ಯಾರೋ ತರಿಸಿ ಬಿಟ್ಟುಹೋದ ಅದರ ಶೀಶೆ ಹಲವು ಲ್ಯಾಬುಗಳ ಫ್ರೀಜರಿನಲ್ಲಿ ಸಿಗುತ್ತದೆ. ಈ ಅಣುವಿನ ಹಿನ್ನೆಲೆ ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಎಂಬ ವಸ್ತು ಸಿಕ್ಕಸಿಕ್ಕ ಕೈನೇಸ್‌ಗಳನ್ನೆಲ್ಲ ತಡೆಯುತ್ತದೆ. ಅದರ ರಚನೆಯನ್ನು ತಿದ್ದಿ, ಪಿಐ3 ಕೈನೇಸ್ ಕಡೆಗೆ ಹೆಚ್ಚು ಒಲವಿರುವಂತೆ ಮಾಡಿದ್ದೇ ಎಲ್‌ವೈ294002. ಎಲೈ ಲಿಲ್ಲಿ ಕಂಪನಿಯ ವಿಜ್ಞಾನಿಗಳು ಇದನ್ನು 1994ರಲ್ಲಿ ಪ್ರಕಟಿಸಿದರು. ತಿದ್ದಿದ್ದು ನಿಜ, ಆದರೆ ಹುಟ್ಟುಗುಣ ಪೂರ್ತಿ ಹೋಗಲಿಲ್ಲ.

ಕಾರಣವಿರುವುದು ಅದು ಕೂರುವ ಜಾಗದಲ್ಲಿ. ಕೈನೇಸ್‌ಗಳು ಎಟಿಪಿ ಎಂಬ ಶಕ್ತಿಯ ಅಣುವಿನಿಂದ ಫಾಸ್ಫೇಟ್ ಕಿತ್ತು ಬೇರೆ ಅಣುಗಳಿಗೆ ಅಂಟಿಸುತ್ತವೆ. ಎಟಿಪಿ ಬಂದು ಕೂರುವ ಆ ಪುಟ್ಟ ಗುಳಿಯನ್ನೇ ಈ ಔಷಧ ಆಕ್ರಮಿಸುತ್ತದೆ. ಮನುಷ್ಯನ ಜೀನೋಮಿನಲ್ಲಿ ಐನೂರಕ್ಕೂ ಹೆಚ್ಚು ಪ್ರೋಟೀನ್ ಕೈನೇಸ್‌ಗಳಿವೆ, ಅವುಗಳ ಗುಳಿಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. 2000ದಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಫಿಲಿಪ್ ಕೊಹೆನ್ ಅವರ ತಂಡ, ಅಂಗಡಿಯಲ್ಲಿ ಸಿಗುವ 28 ಸಂಯುಕ್ತಗಳನ್ನು ಸಾಲು ಸಾಲು ಕೈನೇಸ್‌ಗಳ ಎದುರು ಪರೀಕ್ಷಿಸಿತು. ಎಲ್‌ವೈ294002 ಸಿಕೆ2 ಎಂಬ ಬೇರೆಯದೇ ಕೈನೇಸನ್ನೂ ಸರಿಸುಮಾರು ಅಷ್ಟೇ ಬಲವಾಗಿ ತಡೆಯುವುದು ಅಲ್ಲಿ ಕಂಡಿತು. ಎಂಟಾರ್ ಎಂಬ ಕೈನೇಸನ್ನೂ ಅದು ಬಿಡುವುದಿಲ್ಲ. ಸಿಕೆ2, ಎಂಟಾರ್ ಎರಡಕ್ಕೂ ಕೋಶದ ಬೆಳವಣಿಗೆಯಲ್ಲಿ ಪಾತ್ರವಿದೆ. ನಿಮ್ಮ ತಟ್ಟೆಯಲ್ಲಿ ಬೆಳವಣಿಗೆ ನಿಲ್ಲಿಸಿದ್ದು ಯಾವುದು?

ಇದನ್ನು ಬಿಡಿಸಲು ಒಂದು ಸೊಗಸಾದ ಉಪಾಯವಿದೆ. ಎಲ್‌ವೈ303511 ಎಂಬುದು ಇದರ ಒಡಹುಟ್ಟು. ಒಂದು ಉಂಗುರದಲ್ಲಿ ಆಕ್ಸಿಜನ್ ಇದ್ದ ಕಡೆ ನೈಟ್ರೋಜನ್ ಇದೆ, ವ್ಯತ್ಯಾಸ ಅಷ್ಟೇ. ಆ ಒಂದು ಪರಮಾಣು ಬದಲಾದದ್ದಕ್ಕೆ ಪಿಐ3 ಕೈನೇಸ್ ಮೇಲಿನ ಹಿಡಿತ ತಪ್ಪಿಹೋಗುತ್ತದೆ, ಸಿಕೆ2 ಮತ್ತು ಎಂಟಾರ್ ಮೇಲಿನದು ಉಳಿದುಕೊಳ್ಳುತ್ತದೆ. ಇದನ್ನು ಅದೇ ಪ್ರಮಾಣದಲ್ಲಿ ಹಾಕಿ. ಆಗಲೂ ಬೆಳವಣಿಗೆ ನಿಂತರೆ ನಿಮ್ಮ ವಾದ ಬಹಳ ಸಡಿಲವಾಯಿತು.

ಬೇರೆ ರಚನೆಯ ಇನ್ನೊಂದು ಔಷಧವನ್ನೂ ಪ್ರಯೋಗಿಸಿ ಎಂದು ಎಲ್ಲರೂ ಹೇಳುತ್ತಾರೆ. ಶಿಲೀಂಧ್ರದಿಂದ ಬಂದ ವರ್ಟ್‌ಮನಿನ್ ಇದೆ, ಕೆಲವೇ ನ್ಯಾನೊಮೋಲಾರ್‌ನಷ್ಟು ತೀರಾ ಕಡಿಮೆ ಸಾಂದ್ರತೆಯಲ್ಲೇ ಪಿಐ3 ಕೈನೇಸಿಗೆ ಬಿಡದಂತೆ ಅಂಟಿಕೊಳ್ಳುತ್ತದೆ. ಆದರೆ ಕೋಶಗಳನ್ನು ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಅದು ಬೇಗ ಕೆಡುತ್ತದೆ. ಬೆಳಿಗ್ಗೆ ಹಾಕಿ ಎರಡು ದಿನ ಬಿಟ್ಟು ಎಣಿಸಿದರೆ ಏನನ್ನು ಅಳೆದಿರಿ ಎಂದೇ ಗೊತ್ತಾಗುವುದಿಲ್ಲ. ಮೇಲಾಗಿ ಪ್ರಮಾಣ ಏರಿಸಿದರೆ ಅದೂ ಎಂಟಾರ್ ಅನ್ನು ಹಿಡಿಯುತ್ತದೆ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರು ಸರಿ, ಇಬ್ಬರೂ ಒಂದೇ ಮನೆಯವರಾದರೆ?

ಪ್ರಮಾಣದ ಬಗ್ಗೆಯೂ ಒಂದು ಮಾತು. ಪ್ರನಾಳದಲ್ಲಿ ಎಲ್‌ವೈ294002 ಸುಮಾರು 1.4 ಮೈಕ್ರೋಮೋಲಾರ್‌ಗೆ ಅರ್ಧ ಚಟುವಟಿಕೆ ತಗ್ಗಿಸುತ್ತದೆ. ಜೀವಂತ ಕೋಶದಲ್ಲಿ ಎಟಿಪಿ ಮಿಲಿಮೋಲಾರ್ (ಮೈಕ್ರೋಮೋಲಾರ್‌ನ ಸಾವಿರ ಪಟ್ಟು) ಮಟ್ಟದಲ್ಲಿ ತುಂಬಿರುವುದರಿಂದ ಪೈಪೋಟಿ ಹೆಚ್ಚು. ಹಾಗಾಗಿ ಜನ 10ರಿಂದ 50 ಮೈಕ್ರೋಮೋಲಾರ್ ಸುರಿಯುತ್ತಾರೆ. ನಾನು ಮೊದಲ ವರ್ಷ ಮಾಡಿದ ತಪ್ಪು ಇಲ್ಲಿಯದೇ. ಔಷಧವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿಟ್ಟಿರುತ್ತಾರೆ; ಆ 10 ಮಿಲಿಮೋಲಾರ್ ದಾಸ್ತಾನಿನಿಂದ 50 ಮೈಕ್ರೋಮೋಲಾರ್ ಮಾಡಿದರೆ ತಟ್ಟೆಯ ಬಾವಿಯೊಳಗೆ (ಕೋಶಗಳು ಬೆಳೆಯುವ ಪುಟ್ಟ ಕುಳಿ) ಶೇ 0.5ರಷ್ಟು ಡಿಎಂಎಸ್‌ಒ ಸೇರುತ್ತದೆ. ನನ್ನ ಹೋಲಿಕೆಯ ಬಾವಿಗಳಿಗೆ ಬರೀ ಮೀಡಿಯಂ ಹಾಕಿದ್ದೆ. ಮೂರು ವಾರದ ಗ್ರಾಫ್ ಅಂದವಾಗಿತ್ತು. ಅದರಲ್ಲಿ ಔಷಧದ ಪಾಲೆಷ್ಟು, ದ್ರಾವಕದ ಪಾಲೆಷ್ಟು ಎಂದು ಸಭೆಯಲ್ಲಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲವನ್ನೂ ಹೊಸದಾಗಿ ಮಾಡಬೇಕಾಯಿತು.

ಹಾಗಾದರೆ ಇನ್‌ಹಿಬಿಟರನ್ನು ನಂಬಲೇಬಾರದೇ? ನಂಬಬಹುದಾದ ಉದಾಹರಣೆ ಬೇಕೆಂದರೆ ನಟ್ಲಿನ್ ನೋಡಿ. ಇದು ಕೈನೇಸಿನ ಗುಳಿಗೆ ಹೋಗುವುದೇ ಇಲ್ಲ, ಎರಡು ಪ್ರೋಟೀನ್‌ಗಳ ಜೋಡಣೆಯನ್ನೇ ಬಿಡಿಸುತ್ತದೆ. ಎಂಡಿಎಂ2 ಎಂಬ ಪ್ರೋಟೀನ್, ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಎಂಬ ಪ್ರೋಟೀನನ್ನು ಹಿಡಿದು ನಾಶಕ್ಕೆ ತಳ್ಳುತ್ತಿರುತ್ತದೆ. ಹಿಡಿಯುವ ಜಾಗ ಒಂದು ಆಳವಾದ ಗುಂಡಿ. ಪಿ53ರ ಮೂರು ಅಮೈನೋ ಆಮ್ಲಗಳು ಅದರಲ್ಲಿ ಬೆರಳು ತೂರಿದಂತೆ ಕೂರುತ್ತವೆ. ಆ ಮೂರು ಬೆರಳುಗಳ ಜಾಗವನ್ನು ನಟ್ಲಿನ್ ತಾನು ತುಂಬುತ್ತದೆ. ರೋಶ್ ಕಂಪನಿಯ, ಅಮೆರಿಕದ ನಟ್ಲಿ ಊರಿನ ಪ್ರಯೋಗಾಲಯದಲ್ಲಿ ಹುಟ್ಟಿದ್ದರಿಂದ ಆ ಹೆಸರು, ಪ್ರಕಟವಾದದ್ದು 2004ರಲ್ಲಿ.

ನನಗೆ ಇಷ್ಟವಾಗುವುದು ಅದರ ಜೊತೆಗೇ ಬಂದ ಪರೀಕ್ಷೆಗಳು. ನಟ್ಲಿನ್-3ಎ ಮತ್ತು ನಟ್ಲಿನ್-3ಬಿ ಕನ್ನಡಿ ಬಿಂಬಗಳು, ಎಡಗೈ ಬಲಗೈ ಇದ್ದಂತೆ. ತೂಕ ಒಂದೇ, ಕರಗುವ ಬಗೆ ಒಂದೇ, ಆದರೆ 3ಬಿಯ ಬಲ ಸುಮಾರು 150 ಪಟ್ಟು ಕಡಿಮೆ. ಇನ್ನು ಬಲವಾದ 3ಎ ಕೂಡ ಪಿ53 ಇಲ್ಲದ ಕೋಶಗಳ ಬೆಳವಣಿಗೆಯನ್ನು ತಡೆಯುವುದಿಲ್ಲ. ಗುರಿಯೇ ಇಲ್ಲದ ಕಡೆ ಔಷಧ ಸುಮ್ಮನಿದೆ ಎಂದರೆ ಉಳಿದ ಕಡೆ ಅದು ಮಾಡಿದ್ದನ್ನು ನಂಬಲು ಧೈರ್ಯ ಬರುತ್ತದೆ. ಇದನ್ನು ಬಳಸುವ ಹೊಸಬರು ಗಾಬರಿಯಾಗುವುದೂ ಉಂಟು: ಎಂಡಿಎಂ2 ವಿರುದ್ಧ ಔಷಧ ಹಾಕಿದರೆ ಎಂಡಿಎಂ2 ಬ್ಯಾಂಡೇ ಮೊದಲಿಗಿಂತ ದಪ್ಪಗಾಗುತ್ತದೆ. ಕೊಳವೆ ಅದಲುಬದಲಾಗಿಲ್ಲ. ಬಿಡುಗಡೆಯಾದ ಪಿ53 ಎಂಡಿಎಂ2ರ ಜೀನನ್ನೇ ಚಾಲೂ ಮಾಡುತ್ತದೆ. ಔಷಧ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು.

ನಿಮ್ಮ ವಿಷಯಕ್ಕೆ ಬರೋಣ. ಎಲ್ಲ ಬಾವಿಗಳಲ್ಲೂ ಡಿಎಂಎಸ್‌ಒ ಸಮನಾಗಿರಲಿ. ಎಲ್‌ವೈ303511 ಜೊತೆಗಿರಲಿ. ಆಮೇಲೆ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ, ಎಕೆಟಿ ಬ್ಯಾಂಡ್ ಮಸುಕಾಗುವ ಮಟ್ಟದಲ್ಲೇ ಬೆಳವಣಿಗೆಯೂ ಕುಂದುತ್ತದೆಯೇ ನೋಡಿ. 5 ಮೈಕ್ರೋಮೋಲಾರ್‌ಗೆ ಬ್ಯಾಂಡ್ ಹೋಗಿ, 40ಕ್ಕೆ ಮಾತ್ರ ಬೆಳವಣಿಗೆ ನಿಂತರೆ ಎರಡಕ್ಕೂ ಬೇರೆ ಬೇರೆ ಕಾರಣಗಳಿರುವ ಸಂಭವ ಹೆಚ್ಚು. ಕೊನೆಗೆ ಔಷಧವನ್ನು ಬದಿಗಿಟ್ಟು, ಪಿಐ3 ಕೈನೇಸಿನ ಜೀನನ್ನೇ ತಗ್ಗಿಸಿ ನೋಡಿ. ಅಷ್ಟರವರೆಗೆ ಪ್ರಬಂಧದ ಸಾಲು ಹೀಗಿರಲಿ: "ಎಲ್‌ವೈ294002 ಇರುವಾಗ ಎಕೆಟಿಗೆ ಫಾಸ್ಫೇಟ್ ಸೇರುವುದು ತಗ್ಗಿತು, ಕೋಶಗಳ ಬೆಳವಣಿಗೆಯೂ ಕುಂಠಿತವಾಯಿತು."