ನಾಲ್ಕನೇ ಬೋರಿಗೆ ನೀರು ಬೀಳಲೇಬೇಕಾ?

ಇಂಡಿ ಹತ್ತಿರ ನಮ್ಮ ಕಾಕಾನ ನಿಂಬೆ ತೋಟ ಇದೆ. ಮೂರು ಬೋರು ಹೊಡೆಸಿದರು, ಮೂರೂ ಒಣ. ಈಗ ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಿ ನಾಲ್ಕನೇ ಪಾಯಿಂಟ್ ಮಾಡಿಸಿದ್ದಾರೆ. "ಮೂರು ಹೋದ್ವು, ನಾಲ್ಕನೇದಕ್ಕರ ನೀರು ಬೀಳಾಕಬೇಕು" ಅಂತಾರೆ. ಸಾಲ ಮಾಡಿ ಹೊಡೆಸೋ ಬೋರು ಅದು. ಲೆಕ್ಕ ನೋಡಿದರೆ ಬುಡದಲ್ಲೇ ತಪ್ಪು.

ಚೌಕಾಬಾರ ಆಡಿದ್ದೀರಲ್ವಾ? ನಾಲ್ಕೂ ಕವಡಿ ಅಂಗಾತ ಬೀಳೋದು 16 ಸಲಕ್ಕೆ ಒಮ್ಮೆ. (ಒಂದೊಂದು ಕವಡಿಗೂ ಅರ್ಧಕ್ಕರ್ಧ ಅವಕಾಶ ಅಂತ ಹಿಡಿಯೋಣ, ನಿಜವಾದ ಕವಡಿ ಒಂದು ಬದಿಗೆ ವಾಲುತ್ತದೆ.) 16 ಸಲ ಎಸೆದರೆ ಮೊದಲನೆಯದು ಸುಮಾರು 8 ಸಲ ಅಂಗಾತ. ಆ 8ರಲ್ಲಿ ಎರಡನೆಯದೂ ಅಂಗಾತ ಆಗೋದು 4 ಸಲ, ಆ 4ರಲ್ಲಿ ಮೂರನೆಯದು 2 ಸಲ, ಕೊನೆಗೆ ಉಳಿಯೋದು 1. ರೊಟ್ಟಿ ಮುರಿದ ಹಾಗೆ: ಅರ್ಧ, ಅರ್ಧದಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ. ಅಜ್ಜನ ಹೊಲ ಅಪ್ಪಂದಿರಿಗೆ, ಅಪ್ಪನ ಪಾಲು ಮಕ್ಕಳಿಗೆ ಹರಿದು ಹೋಗೋದೂ ಹೀಗೇ. ಅದಕ್ಕೇ ಇಲ್ಲಿ ಕೂಡಿಸಬಾರದು, ಗುಣಿಸಬೇಕು.

1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಪ್ರಶ್ನೆಗಳ ಮೇಲೆ ಪತ್ರ ಬರೆದುಕೊಂಡಾಗ ಈ ಗಣಿತ ಗಟ್ಟಿಯಾಗಿ ಶುರುವಾಯಿತು. ದಾಳವನ್ನು 4 ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುತ್ತದಾ? ನೇರವಾಗಿ ಎಣಿಸೋಕೆ ಹೋದರೆ ತಲೆ ಕೆಡುತ್ತದೆ. ಬೀಳದೇ ಇರೋದನ್ನು ಗುಣಿಸಿ: 5/6 ನಾಲ್ಕು ಸಲ, ಅಂದರೆ 625/1296. ಉಳಿದದ್ದು 671/1296, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಎಷ್ಟು ಚೆಂದದ ದಾರಿ!

ಕಾಕಾ ಮನಸ್ಸಿನಲ್ಲೇ ಮಾಡಿದ್ದು ಇದೇ ಲೆಕ್ಕ. ಒಂದೊಂದು ಬೋರಿಗೆ ಅರ್ಧ ಅವಕಾಶ ಅಂದುಕೊಂಡರೆ ನಾಲ್ಕೂ ಫೇಲ್ ಆಗೋದು 16ರಲ್ಲಿ 1. ಆದರೆ ಅದು ಒಂದೂ ಹೊಡೆಸದೇ ಇದ್ದಾಗಿನ ಮಾತು. ಮೂರು ಆಗಲೇ ಹೋದ ಮೇಲೆ ನಾಲ್ಕನೆಯದಕ್ಕೆ ಉಳಿದಿರೋದು ಅದೇ ಅರ್ಧ. ಕವಡಿಗೆ ಹಿಂದಿನ ಆಟ ಗೊತ್ತಿಲ್ಲ.

ಇನ್ನೂ ದೊಡ್ಡ ತೊಡಕಿದೆ. ಗುಣಾಕಾರ ನಡೆಯೋದು ಒಂದರ ಹಂಗು ಇನ್ನೊಂದಕ್ಕೆ ಇಲ್ಲದಾಗ ಮಾತ್ರ. ವಿಜಯಪುರದ ಕಡೆ ಕೆಳಗೆ ಕರಿಕಲ್ಲು, ನೀರು ನಿಲ್ಲೋದು ಅದರ ಬಿರುಕಿನಲ್ಲಿ, ಸವೆದ ಪದರದಲ್ಲಿ. ಮೂರನೇ ಬೋರಿನಿಂದ ಇಪ್ಪತ್ತು ಹೆಜ್ಜೆ ದೂರದ ಪಾಯಿಂಟಿನ ಕೆಳಗೂ ಬಹುಶಃ ಅದೇ ಕಲ್ಲು. ಹಾಗಿದ್ದರೆ ಮೂರು ಒಣಗಿದ್ದು ನಾಲ್ಕನೆಯದರ ಆಸೆಯನ್ನು ಕಡಿಮೆ ಮಾಡುತ್ತದೆ, ಜಾಸ್ತಿ ಅಲ್ಲ.

ಮೊನ್ನೆ ಕಾಕಾನ ಜೊತೆ ಮೂರೂ ಬೋರಿನ ಬಾಯಿಗೆ ಹೋಗಿ ಪುಡಿಯ ಗುಡ್ಡೆ ನೋಡಿದೆ. ಮೂರೂ ಕಡೆ ಒಂದೇ ಬೂದು ಬಣ್ಣ. ಅವರು ಮುಷ್ಟಿ ತುಂಬ ಹಿಡಿದು, ಉದುರಿಸಿ, ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಬೋರಿನ ಗಾಡಿಯವರಿಗೆ ಫೋನ್ ಹಚ್ಚಿ "ಎರಡು ದಿನ ತಡೀರಿ" ಅಂದರು.