ಸೈಟೇಷನ್: ಲಿಂಕ್ ಸಿಕ್ಕರೆ ಆಧಾರ ಸಿಕ್ಕಿತೇ?

‘ಎಐ ಸೈಟೇಷನ್ ಸಮೇತ ಉತ್ತರ ಕೊಟ್ಟಿದೆ, ಇನ್ನೇನು ಅನುಮಾನ?’ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೋರ್ಟಿನಲ್ಲಿ ವಾದಕ್ಕೆ ಬೆಂಬಲವಾಗಿ ಹಳೆಯ ತೀರ್ಪನ್ನು ಮುಂದಿಡುವುದು ಸೈಟೇಷನ್. ಇದು ವಕೀಲರಿಗೆಲ್ಲ ಗೊತ್ತು. ಎಐ ಉತ್ತರದ ಕೆಳಗೆ ಮೂಡುವ ಲಿಂಕಿಗೂ ಅದೇ ಹೆಸರು ಅಂಟಿಕೊಂಡ ಮೇಲೆ ಗೊಂದಲ ಶುರುವಾಗಿದೆ.

ಪದದ ಬೇರು ಲ್ಯಾಟಿನ್‌ನ ‘ಕಿತಾರೆ’. ಕದಲಿಸು, ಕೂಗಿ ಕರೆ ಎಂದರ್ಥ. ಇಂಗ್ಲಿಷಿನಲ್ಲೂ ಸೈಟೇಷನ್ ಎಂದರೆ ಮೊದಲಿಗೆ ಕೋರ್ಟಿಗೆ ಹಾಜರಾಗಲು ಬರುವ ಕರೆ, ಅಂದರೆ ಸಮನ್ಸ್. ಅಮೆರಿಕದಲ್ಲಿ ಸಂಚಾರ ನಿಯಮ ಮುರಿದವರ ಕೈಗೆ ಪೊಲೀಸರು ಕೊಡುವ ಚೀಟಿಗೆ ಇಂದಿಗೂ ಇದೇ ಹೆಸರು. ಮನುಷ್ಯರನ್ನು ಕರೆಸುತ್ತಿದ್ದ ಪದ ಆಮೇಲೆ ಗ್ರಂಥಗಳನ್ನೂ ತೀರ್ಪುಗಳನ್ನೂ ಕರೆಸತೊಡಗಿತು. ಈ ಹಳೆಯ ಅರ್ಥವನ್ನು ಬಿಡಬಾರದು ಎಂಬುದು ನನ್ನ ಹಟ. ತೀರ್ಪನ್ನು ಉಲ್ಲೇಖಿಸುವ ವಕೀಲರು ಅದನ್ನು ನ್ಯಾಯಾಧೀಶರ ಎದುರು ಸಾಕ್ಷಿಯಂತೆ ನಿಲ್ಲಿಸುತ್ತಾರೆ. ಕರೆದ ಸಾಕ್ಷಿ ಇರಬೇಕು. ಇದ್ದರೆ ಸಾಲದು, ನಾವು ಹೇಳಿದ್ದನ್ನೇ ನುಡಿಯಬೇಕು.

ಸಾಕ್ಷಿಯೇ ಇಲ್ಲದ ಪ್ರಕರಣ ಪ್ರಸಿದ್ಧ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿನಲ್ಲಿ, ‘ಮಾಟಾ ವಿರುದ್ಧ ಅವಿಯಾಂಕಾ’ ಮೊಕದ್ದಮೆಯಲ್ಲಿ, ಚಾಟ್‌ಜಿಪಿಟಿ ತಾನೇ ಹೆಣೆದ, ಎಲ್ಲೂ ಇಲ್ಲದ ಆರು ತೀರ್ಪುಗಳು ಸಲ್ಲಿಕೆಯಾಗಿ 5,000 ಡಾಲರ್ ದಂಡ ಬಿತ್ತು. ಈ ತೀರ್ಪುಗಳು ನಿಜವೇ ಎಂದು ವಕೀಲರು ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಹೌದು ಎಂದಿತ್ತು.

ಇಂಥದ್ದನ್ನು ಹಿಡಿಯುವುದು ಸುಲಭ: ಹುಡುಕಿದರೆ ಸಿಗುವುದಿಲ್ಲ. ನನ್ನ ಚಿಂತೆ ಇನ್ನೊಂದು ಬಗೆಯದು. ಬ್ರಿಟನ್ನಿನ ಹೆಸರಾಂತ ತೀರ್ಪೊಂದನ್ನು ನೋಡಿ: ಡೊನೊಹ್ಯೂ ವಿರುದ್ಧ ಸ್ಟೀವನ್‌ಸನ್, [1932] ಎಸಿ (ಅಪೀಲ್ ಕೇಸಸ್) 562. ವರ್ಷ, ವರದಿ ಸರಣಿ, ಪುಟ ಎಲ್ಲವೂ ಸರಿ. ‘ಜಿಂಜರ್ ಬಿಯರ್ ಬಾಟಲಿಯಲ್ಲಿ ಬಸವನಹುಳು ಇದ್ದದ್ದು ಈ ತೀರ್ಪಿನಲ್ಲಿ ಸಾಬೀತಾಯಿತು’ ಎಂದು ಯಂತ್ರ ಬರೆದು, ಪಕ್ಕದಲ್ಲಿ ಈ ಸೈಟೇಷನ್ ಇಟ್ಟರೆ? ಲಿಂಕ್ ತೆರೆಯುತ್ತದೆ, ತೀರ್ಪು ಸಿಗುತ್ತದೆ. ಆದರೆ ಹುಳು ಇತ್ತೆಂದು ಯಾವ ಕೋರ್ಟೂ ನಿರ್ಧರಿಸಲೇ ಇಲ್ಲ. ಇತ್ತೆಂದೇ ಇಟ್ಟುಕೊಂಡರೆ ತಯಾರಕರು ಗ್ರಾಹಕರಿಗೆ ಹೊಣೆಯೇ ಎಂಬ ಕಾನೂನಿನ ಪ್ರಶ್ನೆಗಷ್ಟೇ ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಉತ್ತರಿಸಿತು, ಮುಂದೆ ರಾಜಿಯಾಯಿತು. ಓದದೆ ಇದು ತಿಳಿಯುವ ದಾರಿಯಿಲ್ಲ.

ಕಾನೂನಿಗೆಂದೇ ತಯಾರಾದ, ತೀರ್ಪುಗಳ ಭಂಡಾರದಿಂದ ಹೆಕ್ಕಿಕೊಡುವ ಎಐ ಉಪಕರಣಗಳಲ್ಲಿ ಈ ತೊಂದರೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ಸ್ಟ್ಯಾನ್‌ಫೋರ್ಡ್ ಸಂಶೋಧಕರು 2024ರಲ್ಲಿ ಪರೀಕ್ಷಿಸಿದಾಗ ಅಂಥ ಉಪಕರಣಗಳೂ ಶೇ 17ರಿಂದ 33ರಷ್ಟು ಸಲ ತಪ್ಪು ಕಟ್ಟಿ ಹೇಳಿದವು. ತೀರ್ಪು ನಿಜ, ಹೇಳಿಕೆಗೆ ಅದರಲ್ಲಿ ಆಧಾರವಿಲ್ಲ ಎಂಬುದನ್ನೂ ಅವರು ತಪ್ಪಿನ ಲೆಕ್ಕಕ್ಕೇ ಸೇರಿಸಿದ್ದು ಸರಿಯಾಗಿದೆ.

ಸಾವಿರಾರು ಪುಟ ಜಾಲಾಡಿ ಮೊದಲ ಪಟ್ಟಿ ಕೊಡುವುದರಲ್ಲಿ ಎಐ ನಿಜಕ್ಕೂ ನೆರವಾಗುತ್ತದೆ. ಆ ಪಟ್ಟಿಯನ್ನು ‘ಹುಡುಕಾಟದ ಫಲಿತಾಂಶ’ ಎನ್ನಿ. ಯಾರಾದರೂ ತೀರ್ಪನ್ನು ತೆರೆದು, ಸಂಬಂಧಪಟ್ಟ ಪ್ಯಾರಾ ಓದಿ, ಮೇಲಿನ ಕೋರ್ಟು ಅದನ್ನು ರದ್ದುಮಾಡಿಲ್ಲವೆಂದು ಖಚಿತಪಡಿಸಿಕೊಂಡು ಸಹಿ ಹಾಕಿದ ಮೇಲೆ ಸೈಟೇಷನ್ ಎನ್ನಬಹುದು.